ತಿದ್ದುವುದು, ತಿರುಚುವುದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಜಾಮೀನಿನ ಷರತ್ತುಗಳ ಬಗ್ಗೆ ಬರೆಯುವಾಗ ‘ಟ್ಯಾಂಪರಿಂಗ್’ ಎಂಬ ಪದವನ್ನು ಕನ್ನಡಿಸದೆ ಹಾಗೆಯೇ ಬಳಸಿದ್ದೆ. ಅದರ ಅರ್ಥವನ್ನೂ ವ್ಯಾಪ್ತಿಯನ್ನೂ ವಿಚಾರಿಸಿ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಹಲವು ಪತ್ರಗಳು ಬಂದಿವೆ. ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಪತ್ರಿಕೆಗಳಲ್ಲಿ ಒಂದು ದಿನ ‘ದಾಖಲೆ ತಿದ್ದುಪಡಿ ಮಾಡಿದ ಆರೋಪ’ ಎಂದಿರುತ್ತದೆ, ಮರುದಿನ ‘ದಾಖಲೆ ತಿರುಚಿದ ಆರೋಪ’ ಎಂದಾಗುತ್ತದೆ, ಇನ್ನೊಮ್ಮೆ ‘ಸಾಕ್ಷ್ಯನಾಶ’ ಎಂದಿರುತ್ತದೆ. ಇವೆಲ್ಲವೂ ಟ್ಯಾಂಪರಿಂಗ್ ಎಂಬುದರ ಕನ್ನಡವೇ? ಮಕ್ಕಳಿಗೆ ಹೇಳಿಕೊಡಲು ಸರಿಯಾದ ಒಂದು ಪದ ಬೇಕು. (ಪ್ರೌಢಶಾಲೆಯ ಕನ್ನಡ ಶಿಕ್ಷಕಿ, ದಾವಣಗೆರೆ)

ಉತ್ತರ: ಒಂದೇ ಪದ ಸಿಗುವುದಿಲ್ಲ, ಸಿಗದಿರುವುದಕ್ಕೆ ಕಾರಣವೂ ಇದೆ. ಇಂಗ್ಲಿಷಿನ ‘ಟ್ಯಾಂಪರ್’ ಹದಿನಾರನೆಯ ಶತಮಾನದಲ್ಲಿ ‘ಟೆಂಪರ್’ ಎಂಬ ಪದದಿಂದ ಕವಲೊಡೆದದ್ದು. ಟೆಂಪರ್ ಎಂದರೆ ಹದ ಮಾಡುವುದು. ಮಣ್ಣಿಗೆ ನೀರು ಬೆರೆಸಿ, ತುಳಿದು, ಕಲಸಿ ಹದಕ್ಕೆ ತರುವ ಕೆಲಸವನ್ನು ಮೊದಮೊದಲು ಟ್ಯಾಂಪರ್ ಎಂದೂ ಕರೆಯುತ್ತಿದ್ದರು. ಬರಬರುತ್ತ ಆ ಪದ, ತನಗೆ ಸಂಬಂಧವಿಲ್ಲದ ವಸ್ತುವಿನಲ್ಲಿ ಕೈಯಾಡಿಸುವುದು, ಕೈಯಾಡಿಸಿ ಕೆಡಿಸುವುದು ಎಂಬ ಅರ್ಥಕ್ಕೆ ತಿರುಗಿತು. ಕನ್ನಡದಲ್ಲೂ ‘ಹದ’ ಎಂಬ ಒಳ್ಳೆಯ ಪದದ ಬೆನ್ನಿಗೇ ‘ಹದಗೆಡಿಸು’ ಎಂಬ ಪದವಿದೆ. ಎರಡು ನುಡಿಗಳೂ ಬೇರೆ ಬೇರೆ ದಾರಿಯಲ್ಲಿ ಒಂದೇ ಅನುಭವವನ್ನು ಹಿಡಿದಿವೆ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ನಿಮ್ಮ ಗೊಂದಲಕ್ಕೆ ಮೂಲ ‘ತಿದ್ದು’ ಎಂಬ ಧಾತು. ಮಗುವಿಗೆ ಅಕ್ಷರ ತಿದ್ದಿಸುತ್ತೇವೆ, ಹಣೆಗೆ ತಿಲಕ ತಿದ್ದುತ್ತೇವೆ, ದಾರಿ ತಪ್ಪಿದವರನ್ನು ತಿದ್ದುತ್ತೇವೆ. ಇವೆಲ್ಲ ಒಳ್ಳೆಯ ಕೆಲಸಗಳು. ಸಂವಿಧಾನಕ್ಕೆ ಆಗುವುದೂ ‘ತಿದ್ದುಪಡಿ’ಯೇ. ಹೀಗಿರುವಾಗ ಅಂಕಪಟ್ಟಿಯಲ್ಲಿ ಮೂವತ್ತನ್ನು ಎಂಬತ್ತು ಮಾಡಿದವನ ಕೃತ್ಯವನ್ನೂ ‘ತಿದ್ದುಪಡಿ’ ಎಂದು ಬರೆದರೆ, ಅಧಿಕಾರವಿದ್ದು ಬಹಿರಂಗವಾಗಿ ಮಾಡಿದ ಬದಲಾವಣೆಗೂ ಕದ್ದು ಮಾಡಿದ ಬದಲಾವಣೆಗೂ ಭಾಷೆಯಲ್ಲಿ ಅಂತರವೇ ಉಳಿಯುವುದಿಲ್ಲ. ಆದ್ದರಿಂದ ‘ತಿದ್ದುಪಡಿ’ಯನ್ನು ಆರೋಪದ ಪದವಾಗಿ ಬಳಸಬಾರದೆಂದು ನನ್ನ ಅಭಿಪ್ರಾಯ. ದಾಖಲೆಯ ವಿಷಯದಲ್ಲಿ ‘ತಿರುಚು’, ಮೀಟರು ತಕ್ಕಡಿ ಮೊಹರುಗಳ ವಿಷಯದಲ್ಲಿ ‘ಕೈಯಾಡಿಸು’, ಸಾಕ್ಷ್ಯದ ವಿಷಯದಲ್ಲಿ ‘ಕೆಡಿಸು’ ಎಂಬುವು ಹೊಂದುತ್ತವೆ. ‘ನಾಶ’ ಎಂಬುದು ವಸ್ತು ಇಲ್ಲವಾದಾಗ ಮಾತ್ರ ಸರಿ. ರಕ್ತದ ಕಲೆಯ ಅಂಗಿಯನ್ನು ಸುಟ್ಟರೆ ಅದು ನಾಶ, ತೊಳೆದಿಟ್ಟರೆ ಕೆಡಿಸಿದಂತೆ. ‘ತಿರುಚು’ ಎಂಬುದನ್ನು ಬಳಸುವಾಗಲೂ ಒಂದು ಎಚ್ಚರ ಬೇಕು. ‘ನನ್ನ ಹೇಳಿಕೆಯನ್ನು ತಿರುಚಲಾಗಿದೆ’ ಎಂದು ಸಭೆಯಲ್ಲಿ ಮಾತನಾಡಿದವರು ಹೇಳುವಾಗ ಯಾವ ಕಾಗದವೂ ಯಾವ ಧ್ವನಿಮುದ್ರಣವೂ ಬದಲಾಗಿರುವುದಿಲ್ಲ, ಅರ್ಥವನ್ನು ಬೇರೆ ಮಾಡಿ ಹೇಳಲಾಗಿರುತ್ತದೆ ಅಷ್ಟೆ. ಕಾನೂನಿನ ಟ್ಯಾಂಪರಿಂಗ್‌ಗೆ ಕೈಯಿಟ್ಟು ಬದಲಿಸಿದ ಒಂದು ವಸ್ತುವೋ ದಾಖಲೆಯೋ ಒತ್ತಡಕ್ಕೆ ಒಳಗಾದ ಒಬ್ಬ ವ್ಯಕ್ತಿಯೋ ಇರಲೇಬೇಕು.

ಕಾನೂನು ಈ ಪದವನ್ನು ಹೇಗೆ ಬಿಡಿಸುತ್ತದೆ ಎಂಬುದಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 346 ಚಿಕ್ಕದಾದ, ಚೊಕ್ಕವಾದ ಉದಾಹರಣೆ. ಇದು ಹಳೆಯ ದಂಡ ಸಂಹಿತೆಯ ಕಲಂ 489. ಸ್ವತ್ತಿನ ಗುರುತಿನ ಟ್ಯಾಂಪರಿಂಗ್ ಎಂಬುದು ಅದರ ತಲೆಬರಹ. ಒಳಗೆ ಆ ಪದವನ್ನು ನಾಲ್ಕು ಕ್ರಿಯೆಗಳಾಗಿ ಬಿಡಿಸಿದ್ದಾರೆ: ಗುರುತನ್ನು ತೆಗೆಯುವುದು, ನಾಶ ಮಾಡುವುದು, ಅಂದಗೆಡಿಸುವುದು, ಅದಕ್ಕೆ ಏನನ್ನಾದರೂ ಸೇರಿಸುವುದು. ಚಳ್ಳಕೆರೆ ಸೀಮೆಯ ಕುರಿ ಹಟ್ಟಿಯೊಂದನ್ನು ನೆನೆದುಕೊಳ್ಳಿ. ಒಬ್ಬರ ಕುರಿಯ ಮೈಮೇಲಿನ ಬಣ್ಣದ ಪಟ್ಟೆಯನ್ನು ಉಜ್ಜಿ ತೆಗೆದರೂ, ಪಕ್ಕದಲ್ಲಿ ಇನ್ನೊಂದು ಪಟ್ಟೆ ಬಳಿದು ತಮ್ಮ ಹಟ್ಟಿಯ ಗುರುತಾಗಿಸಿಕೊಂಡರೂ ಎರಡೂ ಒಂದೇ ಕಲಮಿನ ಕೆಳಗೆ ಬರುತ್ತವೆ. ಮಕ್ಕಳು ಇದರಲ್ಲಿ ಗಮನಿಸಬೇಕಾದದ್ದು ಏನೆಂದರೆ, ಸೇರಿಸುವುದೂ ಟ್ಯಾಂಪರಿಂಗೇ. ಜೊತೆಗೆ, ಇನ್ನೊಬ್ಬರಿಗೆ ಹಾನಿಯಾಗಲೆಂಬ ಉದ್ದೇಶವೋ ಹಾನಿಯಾಗಬಹುದೆಂಬ ಅರಿವೋ ಇದ್ದಾಗ ಮಾತ್ರ ಅದು ಅಪರಾಧವಾಗುತ್ತದೆ. ಮಳೆಗೆ ಪಟ್ಟೆ ಅಳಿಸಿಹೋದರೆ ಯಾರೂ ಅಪರಾಧಿಯಲ್ಲ.

ಪ್ರಶ್ನೆ: ನಮ್ಮ ತಂದೆಯವರು 1978ರಲ್ಲಿ ಕೊಂಡ ಜಮೀನಿನ ನೋಂದಾಯಿತ ಕ್ರಯಪತ್ರದಲ್ಲಿ ‘ಚಿತ್ರದುರ್ಗ ಜಿಲ್ಲೆ, ಜಗಳೂರು ತಾಲ್ಲೂಕು’ ಎಂದಿದೆ. ಜಗಳೂರು ಈಗ ದಾವಣಗೆರೆ ಜಿಲ್ಲೆಯಲ್ಲಿರುವುದರಿಂದ, ಸಾಲಕ್ಕಾಗಿ ಬ್ಯಾಂಕಿಗೆ ಕೊಡುವ ಮುಂಚೆ ನನ್ನ ತಮ್ಮ ‘ಚಿತ್ರದುರ್ಗ’ ಎಂಬುದನ್ನು ಹೊಡೆದು ಮೇಲೆ ‘ದಾವಣಗೆರೆ’ ಎಂದು ಪೆನ್ನಿನಲ್ಲಿ ಬರೆದಿದ್ದಾನೆ. ಬ್ಯಾಂಕಿನವರು ಪತ್ರ ಟ್ಯಾಂಪರ್ ಆಗಿದೆ ಎಂದು ಹಿಂದಿರುಗಿಸಿದ್ದಾರೆ. ತಮ್ಮ ಬಹಳ ಹೆದರಿದ್ದಾನೆ. ಇದು ಅಪರಾಧವೇ? ಜಮೀನಿಗೆ ಏನಾದರೂ ಆಗುತ್ತದೆಯೇ? (ಓದುಗರು, ಜಗಳೂರು)

ಉತ್ತರ: ತಮ್ಮನಿಗೆ ಮೊದಲು ಧೈರ್ಯ ಹೇಳಿ. ಜಮೀನಿಗೆ ಏನೂ ಆಗುವುದಿಲ್ಲ. ಆದರೆ ಬ್ಯಾಂಕಿನವರ ಮಾತೂ ಸುಳ್ಳಲ್ಲ, ಏಕೆಂದರೆ ದಿನಬಳಕೆಯ ಅರ್ಥದಲ್ಲಿ ಪತ್ರ ಟ್ಯಾಂಪರ್ ಆಗಿದೆ. ಅಪರಾಧದ ಅರ್ಥದಲ್ಲಿ ಆಗಿದೆಯೇ ಎಂಬುದು ಬೇರೆಯೇ ಪ್ರಶ್ನೆ, ಈ ಎರಡನ್ನೂ ಬಿಡಿಸಿ ನೋಡಬೇಕು.

ಬರೆದು ಮುಗಿದ ದಾಖಲೆಯನ್ನು ಬದಲಿಸುವುದು ಯಾವಾಗ ‘ಸುಳ್ಳು ದಸ್ತಾವೇಜಿನ ಸೃಷ್ಟಿ’ ಆಗುತ್ತದೆ ಎಂಬುದನ್ನು ಭಾರತೀಯ ನ್ಯಾಯ ಸಂಹಿತೆಯ ಕಲಂ 335 ಹೇಳುತ್ತದೆ. ಬದಲಿಸಿದವನಿಗೆ ಕಾನೂನಿನ ಅಧಿಕಾರ ಇರಬಾರದು. ಅವನು ಅಪ್ರಾಮಾಣಿಕವಾಗಿಯೋ ವಂಚನೆಯ ಉದ್ದೇಶದಿಂದಲೋ ಬದಲಿಸಿರಬೇಕು. ಬದಲಾವಣೆ ದಾಖಲೆಯ ಮುಖ್ಯ ಭಾಗಕ್ಕೆ ತಾಕಿರಬೇಕು. ಮತ್ತು ದಾಖಲೆ ಸಹಿಯಾಗಿ ಪೂರ್ಣಗೊಂಡ ಮೇಲೆ ಅದು ನಡೆದಿರಬೇಕು. ಹತ್ತು ಸಾವಿರ ರೂಪಾಯಿಯ ಪತ್ರಕ್ಕೆ ಒಂದು ಸೊನ್ನೆ ಸೇರಿಸಿ ಲಕ್ಷ ಮಾಡಿದವನ ಕಥೆಯನ್ನು ಹಳೆಯ ದಂಡ ಸಂಹಿತೆಯಲ್ಲೇ ದೃಷ್ಟಾಂತವಾಗಿ ಕೊಟ್ಟಿದ್ದರು, ಹೊಸ ಸಂಹಿತೆಯಲ್ಲೂ ಅದು ಮುಂದುವರಿದಿದೆ. ನಿಮ್ಮ ತಮ್ಮನಲ್ಲಿ ವಂಚನೆಯ ಉದ್ದೇಶವಿಲ್ಲ. ಸರ್ವೆ ನಂಬರು, ವಿಸ್ತೀರ್ಣ, ಚೆಕ್ಕುಬಂದಿ, ಬೆಲೆ, ಹೆಸರು ಯಾವುದೂ ಬದಲಾಗಿಲ್ಲ. ಆದ್ದರಿಂದ ಅದು ಅಪರಾಧವಾಗುವುದಿಲ್ಲ ಎಂದೇ ನನ್ನ ಅಭಿಪ್ರಾಯ.

ಇಷ್ಟಾಗಿಯೂ ಅದು ತಿದ್ದಲೇಬಾರದಿದ್ದ ಜಾಗ, ಏಕೆಂದರೆ ಮೂಲಪತ್ರದಲ್ಲಿ ತಪ್ಪೇ ಇರಲಿಲ್ಲ. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೆ ಮುಂಚೆ ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳು ಚಿತ್ರದುರ್ಗ ಜಿಲ್ಲೆಯಲ್ಲಿದ್ದವು, ಹೊನ್ನಾಳಿ ಮತ್ತು ಚನ್ನಗಿರಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಹರಪನಹಳ್ಳಿಯವರ ಕಥೆ ಇನ್ನೂ ಉದ್ದ: ಬಳ್ಳಾರಿಯಿಂದ ದಾವಣಗೆರೆಗೆ, ದಾವಣಗೆರೆಯಿಂದ ಮರಳಿ ಬಳ್ಳಾರಿಗೆ, ಈಗ ವಿಜಯನಗರ ಜಿಲ್ಲೆಗೆ. ಅಲ್ಲಿನ ಒಂದು ಕುಟುಂಬದ ಪೆಟ್ಟಿಗೆಯಲ್ಲಿ ಒಂದೇ ಹೊಲಕ್ಕೆ ಮೂರು ಜಿಲ್ಲೆಗಳ ಹೆಸರುಳ್ಳ ಕಾಗದಗಳಿದ್ದರೂ ಅವೆಲ್ಲವೂ ಸರಿಯೇ. ದಾಖಲೆ ತಾನು ಹುಟ್ಟಿದ ದಿನದ ಸತ್ಯವನ್ನು ಹೇಳುತ್ತದೆ. 1978ರ ಪತ್ರದಲ್ಲಿ ‘ದಾವಣಗೆರೆ ಜಿಲ್ಲೆ’ ಎಂದು ಕಂಡರೇ ಅನುಮಾನ ಹುಟ್ಟಬೇಕು, ಏಕೆಂದರೆ ಆ ವರ್ಷ ಅಂಥ ಜಿಲ್ಲೆಯೇ ಇರಲಿಲ್ಲ. ಕೃತಕ ಪತ್ರಗಳನ್ನು ಪತ್ತೆ ಹಚ್ಚುವವರು ಇಂಥ ಕಾಲವಿರೋಧಗಳನ್ನೇ ಹುಡುಕುತ್ತಾರೆ. ನಿಮ್ಮ ತಮ್ಮ ಒಳ್ಳೆಯ ಮನಸ್ಸಿನಿಂದಲೇ, ಅಸಲಿ ಪತ್ರಕ್ಕೆ ನಕಲಿಯ ಲಕ್ಷಣವನ್ನು ತಂದುಕೊಟ್ಟಿದ್ದಾನೆ.

ಈಗ ಮಾಡಬೇಕಾದದ್ದು ಇಷ್ಟು. ತಿದ್ದಿದ್ದನ್ನು ಅಳಿಸಲು, ಬ್ಲೇಡಿನಿಂದ ಕೆರೆಯಲು, ವೈಟ್ನರ್ ಹಚ್ಚಲು ಹೋಗಬೇಡಿ. ಈಗ ಹಳೆಯ ಅಕ್ಷರ ಗೆರೆಯ ಕೆಳಗೆ ಓದಲು ಸಿಗುತ್ತಿದೆ, ಅದೇ ನಿಮಗೆ ಆಧಾರ. ನೋಂದಣಿಯಾದಾಗಲೇ ಪತ್ರದ ಪ್ರತಿ ಉಪನೋಂದಣಾಧಿಕಾರಿ ಕಚೇರಿಯ 1ನೇ ಪುಸ್ತಕಕ್ಕೆ ಸೇರಿರುತ್ತದೆ, ಅದಕ್ಕೆ ನಿಮ್ಮ ತಮ್ಮನ ಪೆನ್ನು ತಾಕಿಲ್ಲ. ಅಲ್ಲಿಂದ ದೃಢೀಕೃತ ನಕಲು ಪಡೆದು, ನಡೆದದ್ದನ್ನು ಮುಚ್ಚಿಡದೆ ವಿವರಿಸುವ ಒಂದು ಪ್ರಮಾಣಪತ್ರವನ್ನು (ಅಫಿಡವಿಟ್) ಜೊತೆಗಿಟ್ಟು ಬ್ಯಾಂಕಿಗೆ ಕೊಡಿ.

ಮೂಲದಲ್ಲಿ ನಿಜವಾಗಿ ತಪ್ಪಿದ್ದರೆ, ಉದಾಹರಣೆಗೆ ಸರ್ವೆ ನಂಬರಿನ ಅಂಕಿ ಅದಲುಬದಲಾಗಿದ್ದರೆ, ದಾರಿ ಬೇರೆ. ಮಾರಿದವರೂ ಕೊಂಡವರೂ ಸೇರಿ ತಿದ್ದುಪಡಿ ಪತ್ರ ಬರೆಸಿ ಅದನ್ನೂ ನೋಂದಾಯಿಸಬೇಕು; ಹಳೆಯ ಪತ್ರ ಹಾಗೇ ಉಳಿಯಬೇಕು, ಹೊಸದು ಅದರ ಪಕ್ಕದಲ್ಲಿ ನಿಲ್ಲಬೇಕು. ಪಹಣಿಯ ವಿಷಯದಲ್ಲೂ ನಿಯಮದ ಜಾಡು ಇದೇ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಕಲಂ 133ರ ಪ್ರಕಾರ, ವಿರುದ್ಧವಾದದ್ದು ಸಾಬೀತಾಗುವವರೆಗೆ ಅಥವಾ ಕಾನೂನುಬದ್ಧವಾಗಿ ಹೊಸ ನಮೂದು ಅದರ ಜಾಗಕ್ಕೆ ಬರುವವರೆಗೆ, ಹಕ್ಕುದಾಖಲೆಯ ನಮೂದನ್ನು ನಿಜವೆಂದೇ ಊಹಿಸಬೇಕು. ‘ಕಾನೂನುಬದ್ಧವಾಗಿ’ ಎಂಬ ಆ ಒಂದು ಮಾತಿನಲ್ಲಿ ತಿದ್ದುಪಡಿಗೂ ಟ್ಯಾಂಪರಿಂಗ್‌ಗೂ ಇರುವ ಅಂತರ ಅಡಗಿದೆ. ನಮೂದು ಒಪ್ಪಿಗೆಯಾಗದಿದ್ದವರು ಕಲಂ 136ರ ಅಡಿ ಉಪವಿಭಾಗಾಧಿಕಾರಿಯ ಮುಂದೆ ಮೇಲ್ಮನವಿ, ಜಿಲ್ಲಾಧಿಕಾರಿಯ ಮುಂದೆ ಪುನರೀಕ್ಷಣೆ ಕೇಳಬಹುದು.

ನನ್ನ ಅಜ್ಜನ ಕಾಲದ ಒಂದು ಕ್ರಯಪತ್ರ ನನ್ನ ಬಳಿ ಇದೆ. ಅದರಲ್ಲಿ ಪತ್ರ ಬರಹಗಾರರು ಒಂದು ಕಡೆ ‘ಪೂರ್ವಕ್ಕೆ’ ಎಂದು ಬರೆದದ್ದನ್ನು ಒಂದೇ ಗೆರೆಯಿಂದ ಹೊಡೆದು ‘ಪಶ್ಚಿಮಕ್ಕೆ’ ಎಂದು ಮಾಡಿದ್ದಾರೆ. ಪತ್ರದ ಕೊನೆಯಲ್ಲಿ, ಎಷ್ಟನೆಯ ಸಾಲಿನಲ್ಲಿ ಯಾವ ಅಕ್ಷರವನ್ನು ಹೊಡೆದು ಯಾವುದನ್ನು ಬರೆದಿದೆ ಎಂದು ಷರಾ ಬರೆದು, ಬರೆದುಕೊಟ್ಟವರಿಂದ ಅಲ್ಲಿ ಮತ್ತೊಂದು ಸಹಿ ಹಾಕಿಸಿದ್ದಾರೆ. ಚಿತ್ತುಕಾಟುಗಳಿಗೆ ಹೀಗೆ ಸಹಿ ಇಲ್ಲದಿದ್ದರೆ ಪತ್ರವನ್ನು ನಿರಾಕರಿಸುವ ಅಧಿಕಾರ 1908ರ ನೋಂದಣಿ ಅಧಿನಿಯಮದ ಕಲಂ 20ರಂತೆ ನೋಂದಣಾಧಿಕಾರಿಗೆ ಇದೆ. ಆ ಕಾಲದ ಬರಹಗಾರರಿಗೆ ಕಲಮಿನ ಸಂಖ್ಯೆ ಗೊತ್ತಿತ್ತೋ ಇಲ್ಲವೋ, ಹಳೆಯದು ಕಾಣುವಂತೆ ಉಳಿಸಿ, ಒಪ್ಪಿಗೆ ಪಡೆದು, ತಿದ್ದಿದ್ದನ್ನು ಹೇಳಿ ತಿದ್ದಬೇಕು ಎಂಬ ಪದ್ಧತಿ ಅವರ ಕೈಯಲ್ಲಿ ಕೂತಿತ್ತು.

ಪ್ರಶ್ನೆ: ಗಿರಾಕಿಯೊಬ್ಬರು ಸಹಿ ಮಾತ್ರ ಮಾಡಿ ಕೊಟ್ಟ ಚೆಕ್ಕಿನಲ್ಲಿ ಬಾಕಿ ಮೊತ್ತವನ್ನು ನಾನೇ ತುಂಬಿದ್ದೇನೆ. ಇನ್ನೊಂದು ಚೆಕ್ಕಿನ ಅವಧಿ ಮುಗಿದಿದ್ದರಿಂದ ತಿಂಗಳ ಅಂಕಿಯನ್ನು ತಿದ್ದಿದ್ದೇನೆ. ಇವು ಟ್ಯಾಂಪರಿಂಗ್ ಆಗುತ್ತವೆಯೇ? (ವ್ಯಾಪಾರಿ, ಮಂಡಿಪೇಟೆ, ದಾವಣಗೆರೆ)

ಉತ್ತರ: ಮೊದಲನೆಯದು ಖಾಲಿ ಜಾಗವನ್ನು ತುಂಬಿದ್ದು, ಎರಡನೆಯದು ಬರೆದದ್ದನ್ನು ಬದಲಿಸಿದ್ದು. ಸ್ವಇಚ್ಛೆಯಿಂದ ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕನ್ನು ಬೇರೊಬ್ಬರು ತುಂಬಿದರೂ, ಅದನ್ನು ಬಾಕಿ ತೀರಿಸಲೆಂದೇ ಕೊಟ್ಟದ್ದೆಂಬ ಊಹೆ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಬಾಕಿಗಿಂತ ಹೆಚ್ಚು ತುಂಬಿದ್ದರೆ ಆ ಊಹೆಯನ್ನು ಅಲ್ಲಗಳೆಯಲು ಗಿರಾಕಿಗೆ ಅವಕಾಶವಿದೆ.

ದಿನಾಂಕದ ವಿಷಯ ನಿಮಗೆ ಪ್ರತಿಕೂಲವಾಗಿದೆ. 1881ರ ವರ್ಗಾವಣೀಯ ಲಿಖಿತಗಳ ಅಧಿನಿಯಮದ ಕಲಂ 87ರ ಪ್ರಕಾರ, ಮುಖ್ಯವಾದ ಬದಲಾವಣೆಗೆ ಒಪ್ಪದ ಪಕ್ಷಕಾರನ ವಿರುದ್ಧ ಆ ಲಿಖಿತ ಶೂನ್ಯವಾಗುತ್ತದೆ. 2012ರ ಏಪ್ರಿಲ್‌ನಿಂದ ಚೆಕ್ಕಿನ ಆಯುಸ್ಸು ಮೂರೇ ತಿಂಗಳು, ಹಾಗಾಗಿ ದಿನಾಂಕ ಮುಖ್ಯವಲ್ಲ ಎಂದು ವಾದಿಸಲು ಬರುವುದಿಲ್ಲ. ಕೊಟ್ಟವರೇ ಒಪ್ಪಿ ಸಹಿ ಮಾಡಿದ್ದರೆ ಬೇರೆ ಮಾತು; ನೀವೇ ತಿದ್ದಿದ್ದರಿಂದ ಅದನ್ನು ಬ್ಯಾಂಕಿಗೆ ಹಾಕದೆ ಹೊಸ ಚೆಕ್ ಕೇಳಿ ಪಡೆಯಿರಿ.

ಪ್ರಶ್ನೆ: ನಾನು ಬಾಡಿಗೆಗೆ ಹಿಡಿದ ಮಳಿಗೆಯ ವಿದ್ಯುತ್ ಮೀಟರಿನ ಸೀಲು ಮೊದಲೇ ಒಡೆದಿತ್ತು. ಆರು ತಿಂಗಳ ನಂತರ ತನಿಖೆಗೆ ಬಂದವರು ‘ಟ್ಯಾಂಪರ್ಡ್ ಮೀಟರ್’ ಎಂದು ಬರೆದು ದೊಡ್ಡ ಮೊತ್ತದ ನೋಟಿಸ್ ಕೊಟ್ಟಿದ್ದಾರೆ. ನಾನು ಮುಟ್ಟಿಯೇ ಇಲ್ಲ. ಮುಟ್ಟದವನು ಟ್ಯಾಂಪರ್ ಮಾಡಿದವನಾಗುವುದು ಹೇಗೆ? (ಅಂಗಡಿಯವರು, ಚಳ್ಳಕೆರೆ)

ಉತ್ತರ: ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಉತ್ತರ ಸಿಗಬೇಕಾದರೆ 2003ರ ವಿದ್ಯುಚ್ಛಕ್ತಿ ಅಧಿನಿಯಮದ ಎರಡು ಕಲಮುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಓದಬೇಕು, ಏಕೆಂದರೆ ಒಂದೇ ಪದ ಎರಡರಲ್ಲೂ ಇದ್ದು ಎರಡರಲ್ಲೂ ಬೇರೆ ಭಾರ ಹೊತ್ತಿದೆ.

ಕಲಂ 135 ವಿದ್ಯುತ್ ಕಳ್ಳತನದ್ದು. ಅದು ‘ಅಪ್ರಾಮಾಣಿಕವಾಗಿ’ ಎಂಬ ಪದದೊಂದಿಗೇ ತೊಡಗುತ್ತದೆ. ಮೀಟರನ್ನು ಟ್ಯಾಂಪರ್ ಮಾಡುವವನಷ್ಟೇ ಅಲ್ಲ, ಟ್ಯಾಂಪರ್ ಆದ ಮೀಟರನ್ನು ಅಳವಡಿಸುವವನೂ ಬಳಸುವವನೂ ಅದರ ವ್ಯಾಪ್ತಿಗೆ ಬರುತ್ತಾರೆ. ಶಿಕ್ಷೆ ಮೂರು ವರ್ಷದವರೆಗೆ ಇರಬಹುದು. ವಿದ್ಯುತ್ ಸೆಳೆಯಲು ಕೃತಕ ಸಾಧನವಿತ್ತೆಂದು ಸಾಬೀತಾದರೆ, ಬಳಕೆದಾರನೇ ಅಪ್ರಾಮಾಣಿಕವಾಗಿ ಬಳಸಿದನೆಂದು ಊಹಿಸಲಾಗುತ್ತದೆ. ಅದನ್ನು ಅಲ್ಲಗಳೆಯುವ ಹೊಣೆ ಅವನ ಮೇಲೆ ಬೀಳುತ್ತದೆ. ಆದರೆ ಸೀಲು ಒಡೆದಿರುವುದೂ ಕೃತಕ ಸಾಧನವಿರುವುದೂ ಒಂದೇ ಅಲ್ಲ. ಬಿಸಿಲಿಗೆ ಪ್ಲಾಸ್ಟಿಕ್ ಸೀಲು ಬಿರಿಯಬಹುದು, ಹಳೆಯ ತಂತಿ ತುಕ್ಕು ಹಿಡಿದು ತುಂಡಾಗಬಹುದು. ಮೀಟರಿನ ಎಣಿಕೆ ನಿಧಾನವಾಗಿದೆಯೇ, ಒಳಗೆ ಬೇರೆ ತಂತಿ ಸೇರಿದೆಯೇ ಎಂಬುದನ್ನು ಪರೀಕ್ಷೆ ಮಾಡಿಯೇ ಹೇಳಬೇಕು. ಆ ಪರೀಕ್ಷೆಯ ವರದಿಯನ್ನು ಲಿಖಿತವಾಗಿ ಕೇಳಿ.

ಕಲಂ 126 ಅಪರಾಧದ್ದಲ್ಲ, ಹಣದ ಲೆಕ್ಕದ್ದು. ಟ್ಯಾಂಪರ್ ಆದ ಮೀಟರಿನ ಮೂಲಕ ನಡೆದ ಬಳಕೆಯನ್ನು ಅದು ‘ಅನಧಿಕೃತ ಬಳಕೆ’ ಎಂದು ಕರೆದು ಎರಡು ಪಟ್ಟು ದರದಲ್ಲಿ ನಿರ್ಧರಣೆ (ಕಟ್ಟಬೇಕಾದ ಮೊತ್ತದ ಲೆಕ್ಕ) ಮಾಡುತ್ತದೆ. ಎಂದಿನಿಂದ ನಡೆದಿದೆ ಎಂಬುದು ತಿಳಿಯದಿದ್ದರೆ ತನಿಖೆಗೆ ಹಿಂದಿನ ಹನ್ನೆರಡು ತಿಂಗಳಿಗೆ ಮಿತಿಗೊಳಿಸುತ್ತದೆ. ಈ ಕಲಮಿಗೆ ದುರುದ್ದೇಶ ಬೇಕಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟಪಡಿಸಿದೆ. ಅಂದರೆ ನೀವು ಮುಟ್ಟಿಲ್ಲ ಎಂಬ ಮಾತು 135ರಲ್ಲಿ ನಿಮ್ಮನ್ನು ಕಾಯಬಲ್ಲದು, 126ರಲ್ಲಿ ಅದೊಂದೇ ಸಾಲದು. ಅಲ್ಲಿ ನೀವು ತೋರಿಸಬೇಕಾದದ್ದು ಮೀಟರು ಸರಿಯಾಗಿಯೇ ಎಣಿಸುತ್ತಿತ್ತು ಎಂಬುದನ್ನು, ಅಥವಾ ನಿಮ್ಮ ಬಳಕೆ ಆರಂಭವಾದದ್ದೇ ಬಾಡಿಗೆ ಕರಾರಿನ ದಿನದಿಂದ ಎಂಬುದನ್ನು. ನೋಟಿಸಿನಲ್ಲಿ ಯಾವ ಕಲಮಿದೆ ಎಂಬುದನ್ನು ಮೊದಲು ನೋಡಿ. ಅದು 126 ಆಗಿದ್ದರೆ ತಾತ್ಕಾಲಿಕ ನಿರ್ಧರಣೆಗೆ ಆಕ್ಷೇಪಣೆ ಸಲ್ಲಿಸಿ. ಅಂತಿಮ ಆದೇಶವೂ ವಿರುದ್ಧವಾಗಿ ಬಂದರೆ 30 ದಿನಗಳೊಳಗೆ ಕಲಂ 127ರ ಮೇಲ್ಮನವಿ ಇದೆ, ಅದಕ್ಕೆ ನಿರ್ಧರಿಸಿದ ಮೊತ್ತದ ಅರ್ಧವನ್ನು ಮುಂಚಿತವಾಗಿ ಕಟ್ಟಬೇಕು.

ಮಳಿಗೆ ಹಿಡಿಯುವವರೆಲ್ಲರಿಗೂ ಒಂದು ಬಿನ್ನಹ: ಬೀಗದ ಕೈ ಪಡೆದ ದಿನವೇ ಮೀಟರಿನ ಮತ್ತು ಸೀಲಿನ ಚಿತ್ರ ತೆಗೆದು, ಸೀಲು ಇಲ್ಲದಿದ್ದರೆ ಅಂದೇ ವಿದ್ಯುತ್ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಪ್ರಶ್ನೆ: ಜಗಳದ ಪ್ರಕರಣವೊಂದರಲ್ಲಿ ಜಾಮೀನು ಪಡೆದ ನನ್ನ ಅಣ್ಣನಿಗೆ ‘ಸಾಕ್ಷಿಯನ್ನು ಟ್ಯಾಂಪರ್ ಮಾಡಬಾರದು’ ಎಂದು ಷರತ್ತು ಹಾಕಿದ್ದಾರೆ. ಸಾಕ್ಷಿ ಹೇಳುವವರು ನಮ್ಮ ಓಣಿಯವರೇ. ಅವರನ್ನು ಮಾತನಾಡಿಸಿದರೂ ತಪ್ಪೇ? ಇನ್ನೊಂದು ವಿಷಯ, ಜಗಳದ ವಿಡಿಯೊ ಉದ್ದವಾಗಿತ್ತೆಂದು ನಾನು ಬೇಕಾದಷ್ಟನ್ನು ಮಾತ್ರ ಕತ್ತರಿಸಿ ಇಟ್ಟಿದ್ದೇನೆ. (ಓದುಗರು, ಹಿರಿಯೂರು)

ಉತ್ತರ: ‘ಸಾಕ್ಷಿ’ ಎಂದರೆ ಹೇಳುವ ವ್ಯಕ್ತಿ, ‘ಸಾಕ್ಷ್ಯ’ ಎಂದರೆ ಅವನು ಹೇಳಿದ ಮಾತು ಅಥವಾ ಹಾಜರುಪಡಿಸಿದ ವಸ್ತು. ಆಡುಮಾತಿನಲ್ಲಿ ಎರಡಕ್ಕೂ ‘ಸಾಕ್ಷಿ’ ಎಂದೇ ಅನ್ನುತ್ತೇವೆ, ಜಾಮೀನಿನ ಆದೇಶ ಓದುವಾಗ ಮಾತ್ರ ಆ ಅಭ್ಯಾಸ ಅಪಾಯಕಾರಿ. ಗಂಭೀರ ಅಪರಾಧಗಳ ಜಾಮೀನಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 480 ಹೇಳುವ ಷರತ್ತಿನಲ್ಲಿ ಇವೆರಡೂ ಬೇರೆ ಬೇರೆಯಾಗಿವೆ. ಪ್ರಕರಣದ ಸಂಗತಿ ಬಲ್ಲ ಯಾರಿಗೂ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಆಮಿಷ, ಬೆದರಿಕೆ, ವಾಗ್ದಾನ ಒಡ್ಡಬಾರದು ಎಂಬುದು ಒಂದು. ಸಾಕ್ಷ್ಯವನ್ನು ಟ್ಯಾಂಪರ್ ಮಾಡಬಾರದು ಎಂಬುದು ಇನ್ನೊಂದು.

ಒಂದೇ ಓಣಿಯವರು ನಲ್ಲಿಯ ಹತ್ತಿರ ಸಿಕ್ಕಾಗ ಯೋಗಕ್ಷೇಮ ವಿಚಾರಿಸಿದರೆ ತಪ್ಪಿಲ್ಲ. ‘ನೀನೇನೂ ನೋಡಲಿಲ್ಲವಲ್ಲ’ ಎಂದು ನಗುತ್ತ ಕೇಳಿದರೂ ಅದು ಪರೋಕ್ಷ ಒತ್ತಡವೆಂದು ದೂರು ಬರಬಹುದು. ‘ಪರೋಕ್ಷವಾಗಿ’ ಎಂಬ ಪದ ಇರುವುದರಿಂದ ಅಣ್ಣನ ಪರವಾಗಿ ನೀವು ಹೋಗಿ ಮಾತನಾಡಿದರೂ ಜಾಮೀನು ಅಪಾಯಕ್ಕೆ ಸಿಗುತ್ತದೆ. ಸುಳ್ಳು ಸಾಕ್ಷ್ಯ ಹೇಳುವಂತೆ ಬೆದರಿಸುವುದಂತೂ ನ್ಯಾಯ ಸಂಹಿತೆಯ ಕಲಂ 232ರ ಪ್ರಕಾರ ಏಳು ವರ್ಷದವರೆಗೆ ಶಿಕ್ಷೆಯಾಗಬಲ್ಲ ಪ್ರತ್ಯೇಕ ಅಪರಾಧ. ಹೆದರಿದ ಸಾಕ್ಷಿಗಳು ರಕ್ಷಣೆಗೆ ಅರ್ಜಿ ಹಾಕಲು 2018ರ ಸಾಕ್ಷಿ ಸಂರಕ್ಷಣಾ ಯೋಜನೆ ದಾರಿ ಮಾಡಿಕೊಟ್ಟಿದೆ. ಪ್ರಕರಣ ಮುಗಿಯುವವರೆಗೆ ಆ ವಿಷಯವನ್ನು ಅವರೊಂದಿಗೆ ಎತ್ತಲೇಬೇಡಿ.

ವಿಡಿಯೊ ವಿಷಯದಲ್ಲಿ, ಮೂಲ ಇನ್ನೂ ಫೋನಿನಲ್ಲಿದ್ದರೆ ಅದನ್ನು ಹಾಗೇ ಉಳಿಸಿ, ಕತ್ತರಿಸಿದ ತುಣುಕನ್ನು ಅದರ ಬದಲಿಗೆ ಕೊಡಬೇಡಿ. ಧ್ವನಿಮುದ್ರಿತ ಸಾಕ್ಷ್ಯದಲ್ಲಿ ಟ್ಯಾಂಪರಿಂಗ್‌ನ ಮತ್ತು ಭಾಗಶಃ ಅಳಿಸುವಿಕೆಯ ಎಲ್ಲ ಸಾಧ್ಯತೆಗಳೂ ಇಲ್ಲವೆಂದು ಖಚಿತವಾಗಬೇಕು ಎಂದು ಸುಪ್ರೀಂ ಕೋರ್ಟು ಟೇಪ್ ರೆಕಾರ್ಡರ್ ಕಾಲದಲ್ಲೇ, 1985ರಲ್ಲಿ, ಹೇಳಿತ್ತು. ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರದಲ್ಲಿ ಕಡತದ ‘ಹ್ಯಾಶ್ ಮೌಲ್ಯ’ವನ್ನು ನಮೂದಿಸಬೇಕು. ಹ್ಯಾಶ್ ಎಂದರೆ ಇಡೀ ಕಡತದಿಂದ ಲೆಕ್ಕ ಹಾಕಿ ತೆಗೆದ ಅಂಕಿ ಅಕ್ಷರಗಳ ಒಂದು ಸಾಲು. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಾಲು ಪೂರ್ತಿ ಬೇರೆಯಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯವಾಗಿ ವಿಡಿಯೊ ಕಳುಹಿಸಿದಾಗ ಅದು ಕುಗ್ಗಿ ಹೋಗುವುದರಿಂದ, ಯಾರ ದುರುದ್ದೇಶವೂ ಇಲ್ಲದೆ ಹ್ಯಾಶ್ ಬದಲಾಗುತ್ತದೆ. ಆದ್ದರಿಂದ ಚಿತ್ರೀಕರಿಸಿದ ಫೋನನ್ನೇ ತನಿಖಾಧಿಕಾರಿಗೆ ತೋರಿಸಿ, ಪಂಚನಾಮೆಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ನಿಮ್ಮ ಅಣ್ಣನಿಗೆ ಪ್ರತಿಕೂಲವಾದ ದೃಶ್ಯ ಅದರಲ್ಲಿದೆಯೆಂದು ಅಳಿಸುವ ಯೋಚನೆ ಬಂದಿದ್ದರೆ ಬಿಟ್ಟುಬಿಡಿ. ನ್ಯಾಯಾಲಯಕ್ಕೆ ಹಾಜರಾಗದಂತೆ ತಡೆಯಲು ವಿದ್ಯುನ್ಮಾನ ದಾಖಲೆಯನ್ನು ಅಳಿಸುವುದು ಕಲಂ 241ರ ಅಪರಾಧ.

ಪ್ರಶ್ನೆ: ಬೌಲರ್‌ಗಳು ಚೆಂಡನ್ನು ಪ್ಯಾಂಟಿಗೆ ಉಜ್ಜುವುದು ಎಲ್ಲರಿಗೂ ಕಾಣುತ್ತದೆ. ಹಾಗಿದ್ದರೆ ಬಾಲ್ ಟ್ಯಾಂಪರಿಂಗ್ ಎಂದರೇನು? (ವಿದ್ಯಾರ್ಥಿ, ಹರಿಹರ)

ಉತ್ತರ: ಕ್ರಿಕೆಟ್ ನಿಯಮ 41.3ರ ಪ್ರಕಾರ, ಕೃತಕ ವಸ್ತು ಬಳಸದೆ, ಸಮಯ ವ್ಯರ್ಥ ಮಾಡದೆ ಬಟ್ಟೆಗೆ ಉಜ್ಜಿ ಹೊಳಪು ತರಬಹುದು. ಅಂಪೈರರ ಕಣ್ಣಮುಂದೆ ಕೆಸರು ತೆಗೆಯಬಹುದು. ಇದನ್ನು ಮೀರಿ ಚೆಂಡಿನ ಸ್ಥಿತಿ ಬದಲಿಸಿದರೆ ಎದುರಾಳಿಗೆ ಐದು ದಂಡದ ಓಟಗಳು. 2018ರ ಮಾರ್ಚಿನಲ್ಲಿ ಕೇಪ್‌ಟೌನಿನಲ್ಲಿ ಆಸ್ಟ್ರೇಲಿಯದ ಆಟಗಾರರು ಮರಳು ಕಾಗದ ಬಳಸಿದ್ದರಿಂದ ಸ್ಟೀವ್ ಸ್ಮಿತ್ ಮತ್ತು ಡೇವಿಡ್ ವಾರ್ನರ್‌ಗೆ ಒಂದು ವರ್ಷ, ಕ್ಯಾಮರಾನ್ ಬ್ಯಾಂಕ್ರಾಫ್ಟ್‌ಗೆ ಒಂಬತ್ತು ತಿಂಗಳು ನಿಷೇಧವಾಯಿತು. ಎಂಜಲು ಹಚ್ಚುವುದು 2020ರವರೆಗೆ ತಪ್ಪಾಗಿರಲಿಲ್ಲ, ಕೋವಿಡ್ ಕಾಲದಲ್ಲಿ ತಡೆದು 2022ರಲ್ಲಿ ನಿಯಮವನ್ನೇ ಬದಲಿಸಿದರು. ಕೈ ಮಾಡುವ ಕೆಲಸ ಅದೇ ಆಗಿದ್ದರೂ ನಿಯಮದ ಆಚೆ ದಾಟಿದಾಗ ಅದರ ಹೆಸರು ಬದಲಾಯಿತು.

ಪ್ರಶ್ನೆ: ಕಾಗದವಿಲ್ಲದ ಕಾಲದಲ್ಲಿ, ಕಲ್ಲು ಮತ್ತು ತಾಮ್ರದ ಶಾಸನಗಳನ್ನು ಯಾರೂ ತಿರುಚದಂತೆ ಹೇಗೆ ಕಾಯುತ್ತಿದ್ದರು? (ಓದುಗರು, ಮೊಳಕಾಲ್ಮೂರು)

ಉತ್ತರ: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಅಶೋಕ ಶಾಸನಗಳ ನೆಲದಿಂದ ಈ ಪ್ರಶ್ನೆ ಬಂದಿರುವುದು ಸಂತೋಷ. 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದ ಈ ಶಾಸನಗಳಲ್ಲಿ ಬರೆದವನು ತನ್ನ ಹೆಸರನ್ನೂ ಬಿಟ್ಟಿದ್ದಾನೆ: ಚಪಡ. ಉಳಿದದ್ದೆಲ್ಲ ಬ್ರಾಹ್ಮಿಯಲ್ಲಿದ್ದರೆ ‘ಲಿಪಿಕಾರನಿಂದ’ ಎಂಬರ್ಥದ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅಶೋಕನ ಹದಿನಾಲ್ಕನೆಯ ಬಂಡೆ ಶಾಸನವು ಬರಹದಲ್ಲಿ ಕೊರತೆಗಳಿದ್ದರೆ ಲಿಪಿಕಾರನ ತಪ್ಪಿನಿಂದಲೂ ಆಗಿರಬಹುದು ಎಂದು ಮುಂಚೆಯೇ ಹೇಳಿಬಿಡುತ್ತದೆ. ಕೈತಪ್ಪು ಬೇರೆ, ಕೈವಾಡ ಬೇರೆ ಎಂಬ ವಿವೇಕ ಆಗಲೇ ಇತ್ತು.

ದಾನಶಾಸನಗಳಲ್ಲಿ ಕಾವಲು ಎರಡು ಬಗೆಯದು. ತಾಮ್ರದ ಹಲಗೆಗಳಿಗೆ ತೂತು ಕೊರೆದು ಉಂಗುರ ಪೋಣಿಸಿ, ಅದರ ಬೆಸುಗೆಯ ಮೇಲೆ ರಾಜಮುದ್ರೆ ಒತ್ತುತ್ತಿದ್ದರು. ಹೊಸ ಹಲಗೆ ಸೇರಿಸಬೇಕಾದರೆ ಉಂಗುರ ಕತ್ತರಿಸಲೇಬೇಕು, ಕತ್ತರಿಸಿದರೆ ಗೊತ್ತಾಗುತ್ತಿತ್ತು. ಕಲ್ಲಿನಲ್ಲಿ ಕೊನೆಯ ಸಾಲುಗಳಿಗೆ ಶಾಪಾಶಯ: ದಾನವನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಕ್ರಿಮಿಯಾಗಿ ಹುಟ್ಟುವನು ಎಂಬ ಶ್ಲೋಕವನ್ನು ನಾಡಿನ ಎಷ್ಟೋ ಶಾಸನಗಳಲ್ಲಿ ಕಾಣಬಹುದು. ಇಷ್ಟಾದರೂ ಕೃತಕ ಶಾಸನಗಳು ಹುಟ್ಟಿದವು, ವಿದ್ವಾಂಸರು ಅವನ್ನು ‘ಕೂಟಶಾಸನ’ ಎನ್ನುತ್ತಾರೆ. ಹೇಳಿಕೊಂಡ ಕಾಲಕ್ಕಿಂತ ಲಿಪಿ ಈಚಿನದಾಗಿದ್ದರೆ, ತಿಥಿಗೂ ವಾರಕ್ಕೂ ತಾಳೆಯಾಗದಿದ್ದರೆ ಅನುಮಾನಿಸುತ್ತಾರೆ. ಜಗಳೂರಿನ ಓದುಗರ ಕ್ರಯಪತ್ರದಲ್ಲಿ ಬ್ಯಾಂಕಿನವರ ಕಣ್ಣಿಗೆ ಬಿದ್ದದ್ದೂ ಅಂಥದ್ದೇ ಒಂದು ತಾಳೆ ತಪ್ಪು.

ಪ್ರಶ್ನೆ: ನೀರಿನ ಬಾಟಲಿ, ಔಷಧಿ ಡಬ್ಬಗಳನ್ನು ‘ಟ್ಯಾಂಪರ್ ಪ್ರೂಫ್’ ಎನ್ನುತ್ತಾರೆ. ನಿಜವಾಗಿ ಯಾರೂ ತೆರೆಯಲಾಗದೇ? (ಗೃಹಿಣಿ, ಹೊಳಲ್ಕೆರೆ)

ಉತ್ತರ: ತೆರೆಯಬಹುದು. ತೆರೆದರೆ ಗುರುತು ಉಳಿಯುತ್ತದೆ ಎಂಬುದಷ್ಟೇ ಅದರ ಭರವಸೆ, ಆದ್ದರಿಂದ ‘ಟ್ಯಾಂಪರ್ ಎವಿಡೆಂಟ್’ ಎಂಬ ಹೆಸರೇ ಸರಿ. 1982ರಲ್ಲಿ ಅಮೆರಿಕದ ಶಿಕಾಗೊ ಸುತ್ತಮುತ್ತ ಯಾರೋ ನೋವಿನ ಮಾತ್ರೆಯ ಕ್ಯಾಪ್ಸೂಲ್‌ಗಳಲ್ಲಿ ಸಯನೈಡ್ ಬೆರೆಸಿ ಏಳು ಜನ ಸತ್ತರು. ಅಲ್ಲಿ ಔಷಧಿಗಳಿಗೆ ಇಂಥ ಮುಚ್ಚಳ, ಪೊರೆಗಳು ಕಡ್ಡಾಯವಾದದ್ದು ಅದರ ನಂತರ. ಬಾಟಲಿಯ ಮುಚ್ಚಳವನ್ನು ಮೊದಲ ಸಲ ತಿರುಗಿಸಿದಾಗ ಕೆಳಗಿನ ಉಂಗುರ ಚಟಚಟನೆ ಕಳಚಿ ಕತ್ತಿನಲ್ಲೇ ಉಳಿಯಬೇಕು. ಶಬ್ದವೇ ಬರದೆ ಮುಚ್ಚಳ ಸಲೀಸಾಗಿ ಬಿಚ್ಚಿಕೊಂಡರೆ, ಅಥವಾ ಉಂಗುರ ಮೊದಲೇ ಬೇರ್ಪಟ್ಟಿದ್ದರೆ, ಕುಡಿಯದೆ ಅಂಗಡಿಯಲ್ಲೇ ಹಿಂದಿರುಗಿಸಿ ಬೇರೆ ಬಾಟಲಿ ಕೇಳಿ. ಔಷಧಿಯಾದರೆ ಸೀಲಿನ ಸ್ಥಿತಿಯ ಜೊತೆಗೆ ಡಬ್ಬದ ಮೇಲಿನ ಬ್ಯಾಚ್ ಸಂಖ್ಯೆಯೂ ಒಳಗಿನ ಬಾಟಲಿಯ ಮೇಲಿನ ಸಂಖ್ಯೆಯೂ ಒಂದೇ ಆಗಿದೆಯೇ ಎಂದು ನೋಡಿಕೊಳ್ಳಿ.